ಚೀಲದೊಳಗಿನ ಗಲಗಲ ಸದ್ದು

ವಿಶ್ವವಿದ್ಯಾಲಯದಲ್ಲಿ ಜೈವಿಕ ಸುರಕ್ಷತೆಯ ಅಧಿಕಾರಿಯಾಗಿ ಸೇರಿದ ಮೊದಲ ಎರಡು ವರ್ಷ ನನ್ನ ದಿನವೆಲ್ಲ ಕಡತಗಳಲ್ಲೇ ಕಳೆಯುತ್ತಿತ್ತು. 1989ರ ನಿಯಮಗಳ ಪ್ರಕಾರ, ಜೀನ್ ಬದಲಿಸಿದ ಜೀವಿಗಳ ಮೇಲೆ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಅದರಲ್ಲಿ ಒಬ್ಬ ವೈದ್ಯರು, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಒಬ್ಬ ಪ್ರತಿನಿಧಿ ಇರಬೇಕು. ಸಭೆಗೆ ಕಾಗದ ಸಿದ್ಧ ಮಾಡುವುದು, ಲಾಗ್ ಬುಕ್ ತಿರುವಿ ಸಹಿ ಹಾಕುವುದು, ಇಷ್ಟರಲ್ಲೇ ಸಂಜೆಯಾಗುತ್ತಿತ್ತು. ಲಾಗ್ ಬುಕ್‌ಗಳು ಅಚ್ಚುಕಟ್ಟಾಗಿಯೇ ಇದ್ದವು.

ಒಂದು ದಿನ ಕಾರಿಡಾರಿನಲ್ಲಿ ಕಸ ಸಾಗಿಸುವ ಅಕ್ಕ ನನ್ನನ್ನು ನಿಲ್ಲಿಸಿದರು. ಗುತ್ತಿಗೆಯ ಮೇಲೆ ಬಂದವರು. ನನ್ನ ಯಾವ ತರಬೇತಿಗೂ ಅವರನ್ನು ಕರೆದಿರಲಿಲ್ಲ.

"ಮೇಡಂ, ಒಂದ್ ಮಾತು. ಈ ಲ್ಯಾಬಲ್ಲಿ ಮಿಷಿನ್ನಿಂದ ತೆಗೆದ ಚೀಲ ಎತ್ತಿದ್ರೆ ಒಳಗೆ ಗಲಗಲ ಅನ್ನತ್ತೆ. ಬೇರೆ ಲ್ಯಾಬಿಂದು ಹಂಗನ್ನಲ್ಲ, ಮುದ್ದೆ ಆಗಿರತ್ತೆ."

ಮಿಷಿನ್ ಎಂದರೆ ಆಟೋಕ್ಲೇವ್, ಲ್ಯಾಬಿನ ಕಸದಲ್ಲಿರುವ ಸೂಕ್ಷ್ಮಜೀವಿಗಳನ್ನು ಒತ್ತಡದ ಹಬೆಯಲ್ಲಿ ಕೊಲ್ಲುವ ಯಂತ್ರ. 121 ಡಿಗ್ರಿ ಹಬೆಯಲ್ಲಿ, ಬ್ಯಾಕ್ಟೀರಿಯಾ ಬೆಳೆಸುವ ಪ್ಲಾಸ್ಟಿಕ್ ಪೆಟ್ರಿ ಪ್ಲೇಟುಗಳು ಮೆತ್ತಗಾಗಿ, ಸೊಟ್ಟಗಾಗಿ, ಒಂದಕ್ಕೊಂದು ಅಂಟಿಕೊಳ್ಳಬೇಕು. ಗಲಗಲ ಎನ್ನುತ್ತಿವೆ ಎಂದರೆ ನಡುವಿನ ಪ್ಲೇಟುಗಳಿಗೆ ಕಾವೇ ತಟ್ಟಿಲ್ಲ. ಅವುಗಳ ಮೇಲಿನ ಬ್ಯಾಕ್ಟೀರಿಯಾ ಬದುಕಿಯೇ ಇರಬಹುದು. ನನ್ನ ಕೈಕಾಲು ತಣ್ಣಗಾದವು.

ಲಾಗ್ ಬುಕ್ ತೆಗೆದು ನೋಡಿದೆ. ಪ್ರತಿ ಸಲವೂ ಟೇಪಿನ, ಅಂದರೆ ಹಬೆಯ ಕಾವು ತಾಗಿದರೆ ಬಣ್ಣ ಬದಲಿಸುವ ಪಟ್ಟಿಯ, ಗೆರೆಗಳು ಕಪ್ಪಾಗಿವೆ ಎಂದು ಬರೆದಿತ್ತು. ಬರೆದವರು ಸುಳ್ಳು ಹೇಳಿರಲಿಲ್ಲ. ಟೇಪ್ ಅಂಟಿಸುವುದು ಚೀಲದ ಹೊರಗೆ, ಅಲ್ಲಿ ಹಬೆ ತಾಗಿತ್ತು. ಟೇಪ್ ನೋಡಿದರೆ ಸಾಕು ಎಂದು ಆ ನಮೂನೆ ತಯಾರಿಸಿದವಳು ನಾನೇ.

ಮರುದಿನ ಆ ಲ್ಯಾಬಿನವರು ತುಂಬುವ ಹಾಗೆಯೇ ಒಂದು ಚೀಲ ತುಂಬಿಸಿ, ನಟ್ಟನಡುವೆ ಸ್ಪೋರ್ ಪರೀಕ್ಷೆಯ ಪುಟ್ಟ ಸೀಸೆ ಇಟ್ಟೆವು. ಅದರೊಳಗೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ, ಕಾವಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಸ್ಪೋರುಗಳು, ಅಂದರೆ ಗಟ್ಟಿ ಕವಚದ ಸುಪ್ತ ರೂಪಗಳು, ಇರುತ್ತವೆ. ಆಟೋಕ್ಲೇವ್ ಮುಗಿದ ಮೇಲೆ ಸೀಸೆಯನ್ನು 55ರಿಂದ 60 ಡಿಗ್ರಿಯಲ್ಲಿಟ್ಟು ಕಾಯಬೇಕು. ಒಳಗಿನ ದ್ರವದ ನೇರಳೆ ಬಣ್ಣ ಹಾಗೇ ಉಳಿದರೆ ಸ್ಪೋರು ಸತ್ತಿವೆ, ಹಳದಿಯಾದರೆ ಬದುಕಿವೆ. ನಮ್ಮದು ಬೆಳಗಾಗುವಷ್ಟರಲ್ಲಿ ಹಳದಿಗೆ ತಿರುಗಿತ್ತು.

ಕಾರಣ ತೀರ ಸಣ್ಣದು. ಸಂಶೋಧನಾ ವಿದ್ಯಾರ್ಥಿಗಳು ಚೀಲವನ್ನು ಒತ್ತಿ ಒತ್ತಿ ತುಂಬಿ, ಬಾಯಿ ಬಿಗಿದು ಕಟ್ಟುತ್ತಿದ್ದರು. ಒಳಗಿನ ಗಾಳಿ ಹೊರಗೆ ಹೋಗದಿದ್ದರೆ ಹಬೆ ಒಳಗೆ ಬರುವುದಿಲ್ಲ. ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಬಾಯಿ ಸಡಿಲ ಬಿಡಬೇಕು, ಒಳಗೆ ಸ್ವಲ್ಪ ನೀರು ಹಾಕಬೇಕು, ಹೊತ್ತು ಹೆಚ್ಚಿಸಬೇಕು. ಹೀಗೆ ಮಾಡಿದ ಮೇಲೆ ಸೀಸೆ ನೇರಳೆಯಾಗಿಯೇ ಉಳಿಯಿತು.

ಸಮಿತಿಯಲ್ಲಿ ಒಬ್ಬರು ವಿದ್ಯಾರ್ಥಿಗಳಿಗೆ ಶೋಕಾಸ್ ನೋಟಿಸ್ ಕೊಡೋಣ ಎಂದರು. ನಾನು ಒಪ್ಪಲಿಲ್ಲ. ಒಮ್ಮೆ ನೋಟಿಸ್ ಹೋಯಿತೆಂದರೆ, ಮುಂದೆ ಯಾವ ಲ್ಯಾಬಿನಲ್ಲಿ ಏನು ಚೆಲ್ಲಿದರೂ ಸುದ್ದಿ ನನ್ನ ತನಕ ಬರುವುದಿಲ್ಲ.

ಆ ವಾರವೆಲ್ಲ 1978ರ ಬರ್ಮಿಂಗ್‌ಹ್ಯಾಮ್ ಘಟನೆ ತಲೆಯಿಂದ ಹೋಗಲಿಲ್ಲ. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಿಡುಬಿನ ವೈರಸ್ ಮೇಲೆ ಸಂಶೋಧನೆ ನಡೆದಿತ್ತು. ಸಿಡುಬು ತಗಲಿ ತೀರಿಕೊಂಡ ಜಾನೆಟ್ ಪಾರ್ಕರ್ ಆ ಲ್ಯಾಬಿನವರೇ ಅಲ್ಲ. ಅದರ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿ. ನಮ್ಮಲ್ಲಿ ಚೀಲ ಹರಿದಿದ್ದರೆ ಮೊದಲು ತಾಗುತ್ತಿದ್ದುದು ಈ ಅಕ್ಕನ ಕೈಗೆ. ನಮ್ಮಲ್ಲಿದ್ದದ್ದು ಸಿಡುಬಿನಂಥ ವೈರಸ್ ಆಗಿರಲಿಲ್ಲ, ನಿಜ. ಆದರೂ ಆ ಕೈಗಳಿಗಿದ್ದದ್ದು ಒಂದು ಜೊತೆ ತೆಳು ಗ್ಲೌಸ್ ಮಾತ್ರ.

ಈಗ ಅವರಿಗೆ ದಪ್ಪ ಗ್ಲೌಸ್, ಏಪ್ರನ್ ಕೊಟ್ಟಿದ್ದೇವೆ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೇವೆ. ಲಾಗ್ ಬುಕ್‌ನಲ್ಲಿ ಅವರ ಸಹಿಗೂ ಒಂದು ಕಾಲಂ ಇದೆ. ಹೊಸ ವಿದ್ಯಾರ್ಥಿಗಳ ತರಬೇತಿಯಲ್ಲಿ ನಾನು ಸ್ಲೈಡ್ ತೋರಿಸುವ ಮೊದಲು ಅವರು ಎರಡು ಚೀಲ ಹಿಡಿದು ನಿಲ್ಲುತ್ತಾರೆ. ಎರಡರಲ್ಲೂ ಬಳಸದ ಖಾಲಿ ಪ್ಲೇಟುಗಳು. ಒಂದನ್ನು ಸರಿಯಾಗಿ ಬೇಯಿಸಿರುತ್ತೇವೆ, ಇನ್ನೊಂದನ್ನು ಹಾಗೇ ಬಿಟ್ಟಿರುತ್ತೇವೆ. ಮಾತಿಲ್ಲದೆ ಒಂದಾದ ಮೇಲೊಂದು ಅಲ್ಲಾಡಿಸುತ್ತಾರೆ.