ದಾದರಿನ ನೂಕಾಟ, ಅಡುಗೆಮನೆಯ ನಳ

ಮುಂಬೈಯ ಮಧ್ಯ ಮತ್ತು ಪಶ್ಚಿಮ ರೈಲುಮಾರ್ಗಗಳೆರಡೂ ಕೂಡುವ ದಾದರ್ ನಿಲ್ದಾಣದಲ್ಲಿ, ಇಳಿಯುವವರಿಗೆ ದಾರಿ ಬಿಡದೆ ಮೊದಲೇ ಒಳನುಗ್ಗುವವರನ್ನು ಕಂಡರೆ ನನಗೆ ಇಂದಿಗೂ ಮೈಯುರಿಯುತ್ತದೆ. 1853ರಿಂದ ರೈಲು ಓಡುತ್ತಿರುವ ಊರಿನಲ್ಲಿ ಇಷ್ಟು ಸೌಜನ್ಯವಾದರೂ ರೂಢಿಯಾಗಬಾರದೇ?

ಅದಿರಲಿ, ನಿನ್ನೆಯ ಸಂತೋಷ ದೊಡ್ಡದು. ಮಾಟುಂಗದ ಅಂಗಡಿಯಿಂದ ರಬ್ಬರ್ ವಾಷರ್ ತಂದು, ನೀರಿನ ವಾಲ್ವ್ ಮುಚ್ಚಿ, ಪಾನಾ ಹಿಡಿದು ಅಡುಗೆಮನೆಯ ನಳದ ತಲೆ ಬಿಚ್ಚಿ, ಅಂಚು ಸವೆದು ನಡುವೆ ಕುಳಿ ಬಿದ್ದಿದ್ದ ಹಳೆಯ ವಾಷರನ್ನು ಕಿತ್ತು ಹೊಸದನ್ನು ನಾನೇ ಕೂರಿಸಿದೆ. ದಿನಕ್ಕೆ ಕೆಲವೇ ಗಂಟೆ ನೀರು ಬರುವ ನಮ್ಮ ಕಟ್ಟಡದಲ್ಲಿ ತೊಟ್ಟಿಕ್ಕುವ ನಳ ಸಣ್ಣ ಕಿರಿಕಿರಿಯಲ್ಲ; ಪ್ಲಂಬರನ "ನಾಳೆ ಬರುತ್ತೇನೆ" ಎಂಬ ಮಾತು ಅದಕ್ಕಿಂತ ದೊಡ್ಡ ಕಿರಿಕಿರಿ. ಫೋನಿನಲ್ಲಿ ಧಾರವಾಡದ ಅವ್ವ "ಛಲೋ ಮಾಡಿದಿ" ಎಂದಳು. ಬಡ್ತಿ ಸಿಕ್ಕಾಗಲೂ ನನಗೆ ಇಷ್ಟು ಹಿಗ್ಗಾಗಿರಲಿಲ್ಲ.