ಕಿಟಕಿ ಕೆಳಗಿನ ಮಣ್ಣು

ಪಕ್ಕದ ಮನೆ ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಇದೆ ಅಂತ ಗೊತ್ತಾದ ಮೇಲೆ ಬೀದಿಯಲ್ಲಿ ಯಾರಿಗೂ ಸುಮ್ನೆ ಕೂರಲು ಆಗಲಿಲ್ಲ. ಎಲ್ಲರ ಮನೆ ಮಣ್ಣನ್ನೂ ನಾವೇ ಪರೀಕ್ಷೆ ಮಾಡಿಸೋಣ ಅಂತ ತೀರ್ಮಾನವಾಯಿತು.

ನನಗಂತೂ ಅನುಮಾನವೇ ಇರಲಿಲ್ಲ. ತಪ್ಪೆಲ್ಲ ರಸ್ತೆಯದ್ದು. 1920ರ ದಶಕದಿಂದ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ, ನಿಲ್ಲಿಸಿದ್ದು 2021ರಲ್ಲಿ. ಹೊಗೆ ಹೋಯಿತು, ಸೀಸ ಹೋಗಲಿಲ್ಲ. ಅದು ಕೊಳೆಯುವುದಿಲ್ಲ, ಮಳೆಗೆ ಸುಲಭವಾಗಿ ಆಳಕ್ಕೆ ಇಳಿಯುವುದೂ ಇಲ್ಲ. ಮೇಲಿನ ಮಣ್ಣಿಗೇ ಅಂಟಿಕೊಂಡಿರುತ್ತದೆ. ಮಕ್ಕಳು ಆಡುವುದೂ ಅಲ್ಲೇ ಅಲ್ವಾ.

ಹಾಗಾಗಿ ಗೇಟಿನ ಹತ್ತಿರ ಕೆರೆದು ಚೀಲ ತುಂಬಿದೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಬಿಡಲಿಲ್ಲ. "ಗೋಡೆ ಬುಡದ್ದೂ ತಗೊಳ್ಳಿ, ಸೂರಿನ ನೀರು ಬೀಳುತ್ತಲ್ಲ, ಅಲ್ಲಿಂದ" ಅಂದರು. ಗೊಣಗುತ್ತಲೇ ತೆಗೆದೆ. ಒಂದೇ ಕಡೆಯದ್ದಾದರೆ ಆಗುವುದಿಲ್ಲವಂತೆ, ಐದಾರು ಕಡೆಯದ್ದನ್ನು ಬೆರೆಸಬೇಕು. ಕಲ್ಲು, ಬೇರು ಆರಿಸಿ, ಒಣಗಿಸಿ, ಜರಡಿ ಹಿಡಿದೆ. ಜರಡಿಯಲ್ಲಿ ಉಗುರಿನಷ್ಟು ಅಗಲದ ಬಿಳಿ ಚಕ್ಕೆ ಉಳಿಯಿತು. ಮೊಟ್ಟೆ ಚಿಪ್ಪಿರಬೇಕು ಅಂದುಕೊಂಡು ಎಸೆದೆ.

ಭಾನುವಾರ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಎಕ್ಸ್‌ಆರ್‌ಎಫ್ ಯಂತ್ರ ತಂದಳು. ನೋಡಲು ಥೇಟ್ ಹೇರ್ ಡ್ರೈಯರ್. ಎಕ್ಸ್‌ರೇ ಬಿದ್ದಾಗ ಒಂದೊಂದು ಲೋಹವೂ ತನ್ನದೇ ಗುರುತಿನ ಕಿರಣ ವಾಪಸ್ ಬಿಡುತ್ತದೆ, ಯಂತ್ರ ಅದನ್ನು ಓದುತ್ತದೆ. ಚೀಲ ಬಿಚ್ಚುವುದೂ ಬೇಡ. ಗೇಟಿನ ಮಣ್ಣು 90 ಪಿಪಿಎಂ ತೋರಿಸಿತು, ಅಂದರೆ ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 90 ಪಾಲು ಸೀಸ. ಮನೆ ಅಂಗಳದ ಮಣ್ಣಿಗೆ ಅಮೆರಿಕದ ಪರಿಸರ ಸಂಸ್ಥೆ ಇಟ್ಟಿದ್ದ ಎಚ್ಚರಿಕೆಯ ಗೆರೆ 400, 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು. ಹಾಗೆ ನೋಡಿದರೆ ನಾನು ಪಾಸು.

ಗೋಡೆ ಬುಡದ ಚೀಲ 1,100 ದಾಟಿತು.

ಯಂತ್ರ ಕೆಟ್ಟಿದೆ ಅಂದೆ. ಅವಳು ಮಾತಾಡದೆ ಇನ್ನೊಮ್ಮೆ ಹಿಡಿದಳು. ಹೆಚ್ಚೂಕಡಿಮೆ ಅಷ್ಟೇ. "ಹಳೇ ಕಿಟಕಿ ಏನಾದ್ರೂ ಇದೆಯಾ ಅಲ್ಲಿ?"

ಇದೆ. ಬೇಗ ಒಣಗಲಿ, ಬಾಳಿಕೆ ಬರಲಿ ಅಂತ ಹಿಂದೆಲ್ಲ ಆಯಿಲ್ ಪೇಂಟಿಗೆ ಸೀಸ ಹಾಕುತ್ತಿದ್ದರು. ಎರಡು ವರ್ಷದ ಹಿಂದೆ ಆ ಬಣ್ಣವನ್ನು ಉಪ್ಪು ಕಾಗದದಲ್ಲಿ ಉಜ್ಜಿದ್ದು ನಾನೇ. ನೀರು ಚಿಮುಕಿಸದೆ, ಒಣ ಒಣ. ಬಿಳಿ ಪುಡಿಯನ್ನು ಪೊರಕೆಯಲ್ಲಿ ಗುಡಿಸಿ ಗಿಡದ ಬುಡಕ್ಕೆ ತಳ್ಳಿದ್ದೂ ನೆನಪಿದೆ. ಕೆಲಸ ಮುಗಿಸಿ ಎಷ್ಟು ಖುಷಿಪಟ್ಟಿದ್ದೆ!

ಆ ಕಿಟಕಿ ಇರುವುದು ಎರಡು ಮನೆಗಳ ನಡುವಿನ ಓಣಿಗೆ.

ಅಂದೇ ಸಂಜೆ ಮಣ್ಣನ್ನು ಒದ್ದೆ ಮಾಡಿ, ಮೇಲೆ ದಪ್ಪ ರಟ್ಟು ಹಾಸಿ, ಅದರ ಮೇಲೆ ಮರದ ಚಕ್ಕೆ ಹರಡಿದೆ. ಅಗೆದು ಸಾಗಿಸುವವರೆಗೆ ಧೂಳು ಏಳದಿದ್ದರೆ ಸಾಕು ಅಂದಿದ್ದಳು ಆ ಹುಡುಗಿ. ಮೂಲೆಯಲ್ಲಿ ಮಗುವಿನ ಆಟಿಕೆ ಲಾರಿ ಬಿದ್ದಿತ್ತು. ಅದರ ತುಂಬಾ ಮಣ್ಣು. ಚೀಲಕ್ಕೆ ಸುರಿದು ಬಾಯಿ ಕಟ್ಟಿದೆ. ಲಾರಿಯನ್ನು ಚಕ್ರದ ಸಂದೂ ಬಿಡದೆ ಸೋಪು ಹಾಕಿ ತೊಳೆದೆ. ಅದನ್ನು ಹಿಡಿದುಕೊಂಡು ಹೋಗಿ ಪಕ್ಕದ ಮನೆ ಬೆಲ್ ಒತ್ತಿದೆ.