ರುಚಿ ನೋಡದೆ ಮಾಡುವ ಬೆಲ್ಲದ ಶೇಂಗಾ

ಪುಷ್ಯ ಮಾಸದ ಹುಣ್ಣಿಮೆ ಹತ್ತಿರ ಬಂತೆಂದರೆ ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ಜಾಸ್ತಿಯಾಗುತ್ತದೆ. ಬಹುಳ ಬಿದಿಗೆಗೆ ಕೊಪ್ಪಳದ ಗವಿಮಠದಲ್ಲಿ ಗವಿಸಿದ್ಧೇಶ್ವರನ ತೇರು. 2024ರಲ್ಲಿ ಅದು ಜನವರಿ 27ಕ್ಕೆ ಬಂದಿತ್ತು. 2025ರಲ್ಲಿ ಸಂಕ್ರಾಂತಿಯ ಮರುದಿನವೇ, 15ಕ್ಕೆ. ತಾರೀಖು ಹಿಂದೆ ಮುಂದೆ ಆದೀತು, ದಾಸೋಹಕ್ಕೆ ರೊಟ್ಟಿ ಕೊಡುವುದು ಮಾತ್ರ ತಪ್ಪುವುದಿಲ್ಲ. ಜೋಳದ ರೊಟ್ಟಿ, ಮಾದಲಿ, ಶೇಂಗಾ ಹೋಳಿಗೆ ಹೇರಿಕೊಂಡು ಟ್ರ್ಯಾಕ್ಟರ್‌ಗಳು ಗವಿಮಠದ ಕಡೆ ಹೊರಡುತ್ತವೆ. ನಮ್ಮ ಮನೆಯಿಂದ ರೊಟ್ಟಿಯ ಜೊತೆ ಒಂದು ಡಬ್ಬಿ ಬೆಲ್ಲದ ಶೇಂಗಾ ಹೋಗುತ್ತದೆ. ಶುಂಠಿ, ಮೆಣಸು, ಏಲಕ್ಕಿ ಹಾಕಿದ್ದು.

ಕಲಿಸಿದ್ದು ಅವ್ವ. ಅವಳದು ಒಂದೇ ಕಟ್ಟಳೆ: "ನಾಲಿಗಿಗೆ ಮುಟ್ಟಸಬ್ಯಾಡ, ಅಜ್ಜಗ ಹೋಗೋದದು." ಅಜ್ಜ ಅಂದರೆ ನಮಗೆ ಗವಿಸಿದ್ಧೇಶ್ವರ.

ದಿನಾ ಅಡುಗೆ ಮಾಡುವವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು, ಅಲ್ವಾ? ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ನಾಲಿಗೆ ಸುಮ್ನಿದ್ದಾಗ ಕಿವಿ, ಮೂಗು, ಕಣ್ಣು ಕೆಲಸಕ್ಕೆ ಇಳಿಯಬೇಕು. ಒಂದು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯುವಾಗ ಚಟಚಟ ಸದ್ದು ಕೇಳಬೇಕು. ಪರಿಮಳ ಏರುತ್ತಿದ್ದ ಹಾಗೆ ಇಳಿಸಬೇಕು. ತಣ್ಣಗಾದ ಮೇಲೆ ತಿಕ್ಕಿ, ಸಿಪ್ಪೆ ಕೇರಿ ತೆಗೆಯಬೇಕು. ಸುಮಾರು 600 ಗ್ರಾಂ ಬೆಲ್ಲವನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ ಸೋಸಿ, ಮತ್ತೆ ಒಲೆಗೆ ಇಡಬೇಕು.

ಪಾಕ ಬಂತೋ ಇಲ್ಲವೋ ಎನ್ನುವುದಕ್ಕೆ ನಾಲಿಗೆ ಬೇಕಾಗಿಯೇ ಇಲ್ಲ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಡಿ. ಮೊದಲು ಕರಗಿಹೋಗುತ್ತದೆ. ಆಮೇಲೆ ಮೆತ್ತನೆ ಉಂಡೆ. ಇನ್ನೂ ಸ್ವಲ್ಪ ಕುದಿಸಿದರೆ ಗಟ್ಟಿ ಉಂಡೆ, ತಟ್ಟೆಗೆ ಹಾಕಿದರೆ ಟಣ್ ಅನ್ನುತ್ತದೆ. ಆಗಲೇ ಒಲೆ ಆರಿಸಿ ಶೇಂಗಾ ಸುರಿಯಬೇಕು. ಮೇಲೆ ಒಣಶುಂಠಿ ಪುಡಿ ಎರಡು ಚಮಚ, ಮೆಣಸು, ಏಲಕ್ಕಿ ಒಂದೊಂದು, ಜೊತೆಗೆ ಎರಡು ಚಮಚ ಪುಠಾಣಿ (ಹುರಿಗಡಲೆ) ಹಿಟ್ಟು. ಇಲ್ಲಿ ಕೈ ನಿಲ್ಲಬಾರದು. ನಿಂತರೆ ಎಲ್ಲಾ ಅಂಟಿಕೊಂಡು ಚಿಕ್ಕಿಯಾಗುತ್ತದೆ. ಬಿಡದೆ ಕೆದಕಿದರೆ ಪಾಕ ಗಟ್ಟಿಯಾಗುತ್ತಾ ಒಂದೊಂದು ಕಾಳೂ ತನ್ನ ಅಂಗಿ ತೊಟ್ಟು ಬಿಡಿಯಾಗುತ್ತದೆ. ಆ ಹೊತ್ತಿನಲ್ಲಿ ಬಾಯಲ್ಲಿ ಅಜ್ಜನ ಹೆಸರು ಬಿಟ್ಟು ಬೇರೆ ಮಾತಿಗೆ ಜಾಗವಿರುವುದಿಲ್ಲ. ನನಗೆ ಜಪ ಅಂದರೆ ಅದೇ.

ಮೆಣಸು ಎಷ್ಟು ಹಾಕಬೇಕು? ಮನೆಗೆ ಮಾಡುವಾಗ ನನ್ನ ರುಚಿಗೆ ತಕ್ಕಷ್ಟು. ಇಲ್ಲಿ ತಿನ್ನುವವರು ಯಾರೋ ಗೊತ್ತಿಲ್ಲ. ಹರಕೆ ಹೊತ್ತು ನಡೆದು ಬಂದವರು ಇರಬಹುದು. ಜನವರಿಯ ಚಳಿಗೆ, ದಾರಿಯ ಧೂಳಿಗೆ ಗಂಟಲು ಕಟ್ಟಿದವರಿಗೆ ಶುಂಠಿ ಹಿತ. ಮಕ್ಕಳಿರುತ್ತಾರೆ, ಖಾರ ಜಾಸ್ತಿ ಆಗಬಾರದು. ಹಲ್ಲು ಬಿದ್ದ ಮುದುಕರಿರುತ್ತಾರೆ, ಶೇಂಗಾ ಒಳಗಿನ ತನಕ ಹುರಿದಿರಬೇಕು. ಮುಖ ನೋಡದವರ ಹಲ್ಲು, ಗಂಟಲಿನ ಬಗ್ಗೆ ಯೋಚಿಸುತ್ತಾ ಅಡುಗೆಮನೆಯಲ್ಲಿ ನಿಲ್ಲುವುದನ್ನು ನಾನು ಪೂಜೆ ಎಂದೇ ತಿಳಿದಿದ್ದೇನೆ.

ಮಠದಲ್ಲಿ ಡಬ್ಬಿ ಕೊಟ್ಟ ಮೇಲೆ ಅದು ನಮ್ಮದಲ್ಲ. ಲಕ್ಷಗಟ್ಟಲೆ ರೊಟ್ಟಿಗಳ ರಾಶಿಯಲ್ಲಿ ಯಾವುದು ಯಾರ ಮನೆಯದು ಎಂದು ಹೇಳಲು ಯಾರಿಗೂ ಆಗದು. ಗವಿಯೊಳಗೆ ಗದ್ದುಗೆಗೆ ಕೈಮುಗಿದು ಬರುತ್ತೇವೆ. ಅದೇ ಗುಡ್ಡದ ಬಂಡೆಯ ಮೇಲೆ ಅಶೋಕನ ಕಾಲದ ಶಾಸನವಿದೆ. ಜನ ಈ ಗುಡ್ಡ ಹತ್ತುವುದು ಇಂದು ನಿನ್ನೆಯದಲ್ಲ. ಕೆಳಗಿಳಿದು ಪಂಕ್ತಿಯಲ್ಲಿ ಕೂತರೆ ಎಲೆಗೆ ಬೀಳುವುದು ಯಾರೋ ಬಡಿದ ರೊಟ್ಟಿ. ಸಂಜೆ ತೇರು ಹೊರಟಾಗ ಉತ್ತತ್ತಿ ಎಸೆದು ಊರಿಗೆ ಮರಳುತ್ತೇವೆ. ನಮ್ಮ ಶೇಂಗಾ ಯಾರ ಕೈ ಸೇರಿತು ಎಂದು ಹುಡುಕಲು ಹೋಗುವುದಿಲ್ಲ.

ಈ ಸಲ ನೀವೂ ಮಾಡುವುದಾದರೆ ತೇರಿಗೆ ಎರಡು ದಿನ ಮೊದಲೇ ಮಾಡಿಡಿ. ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಡಬ್ಬಿಯ ಮೇಲೆ ಹೆಸರು ಬರೆಯಬೇಡಿ.